‘ಅಲ್ಲಿದ್ದವರೆಲ್ಲ ಕುಡುಕರು, ನನಗೆ ಅಲ್ಲೇನು ಕೆಲಸ?’

ಪ್ರಶ್ನೆ: ನಾನು ತುಮಕೂರು ಜಿಲ್ಲೆಯ ಹೋಬಳಿಯೊಂದರಲ್ಲಿ ಶಿಕ್ಷಕಿ. ತಮ್ಮನಿಗೆ 23 ವರ್ಷ. ಡಿಪ್ಲೊಮಾ ಮುಗಿಸಿ ಪೀಣ್ಯದಲ್ಲಿ ಎರಡು ವರ್ಷ ಕೆಲಸ ಮಾಡಿದ, ಕೆಲಸ ಬಿಟ್ಟು ಎರಡು ತಿಂಗಳ ಹಿಂದೆ ಊರಿಗೆ ಬಂದ. ಪಿಯುಸಿಯಿಂದಲೂ ಗಾಂಜಾ ಸೇದುತ್ತಾನೆಂದು ಈಗ ಗೊತ್ತಾಯಿತು. ಬ್ಯಾಗಿನಲ್ಲಿ ಟ್ಯಾಪೆಂಟಡಾಲ್ ಎಂಬ ನೋವಿನ ಮಾತ್ರೆಯ ಖಾಲಿ ಸ್ಟ್ರಿಪ್‌ಗಳೂ ಸಿಕ್ಕವು. ಕೆಲವು ದಿನ ಮೂಗು ಸೋರುತ್ತದೆ, ಆಕಳಿಕೆ ಮೇಲೆ ಆಕಳಿಕೆ, ಭೇದಿ, ರಾತ್ರಿಯೆಲ್ಲ ನಿದ್ದೆ ಇಲ್ಲ. ಕೇಳಿದರೆ ಶೀತ ಅನ್ನುತ್ತಾನೆ. ಮೆಡಿಕಲ್ ಶಾಪಿನಿಂದ ಮೂತ್ರಪರೀಕ್ಷೆಯ ಕಿಟ್ ತಂದು ನೋಡಿದೆವು. ಗಾಂಜಾ ಇದೆ ಎಂದು ಬಂತು, ಓಪಿಯಾಯ್ಡ್ (ಅಫೀಮಿನಂತೆ ಕೆಲಸ ಮಾಡುವ ವಸ್ತು) ಇಲ್ಲ ಎಂದು ಬಂತು. ಒಂದು ವ್ಯಸನಮುಕ್ತಿ ಕೇಂದ್ರಕ್ಕೆ ಕರೆದೊಯ್ದೆ. ಅಲ್ಲಿದ್ದ ಮೂವತ್ತು ಜನರೂ ನಲವತ್ತು ದಾಟಿದ ಕುಡುಕರು. ‘ನಾನು ಇವರ ಥರ ಅಲ್ಲ’ ಎಂದು ಎದ್ದು ಬಂದುಬಿಟ್ಟ. ಅವರೂ ಮೂರು ತಿಂಗಳು ಭೇಟಿ ಇಲ್ಲ, ಫೋನಿಲ್ಲ ಅಂದರು. ಸೋದರಮಾವ ಮದುವೆ ಮಾಡಿ, ಸರಿಹೋಗ್ತಾನೆ ಅನ್ನುತ್ತಾರೆ. ಇಂಥ ಚಟ ನಮ್ಮಂಥ ಮನೆಯ ಹುಡುಗರಿಗೂ ಬರುತ್ತದೆಯೇ? ಆಸ್ಪತ್ರೆಗೆ ಹೋದರೆ ಪೊಲೀಸರಿಗೆ ಹೇಳುತ್ತಾರೆಯೇ? ಇನ್ನೊಂದು ವಿಷಯ: ಅಪ್ಪ ತೀರಿಕೊಂಡ ಮೇಲೆ ಎಂಟು ವರ್ಷದಿಂದ ಅಮ್ಮ (54) ನಿದ್ದೆಗೆ ಆಲ್ಪ್ರಜೋಲಾಮ್ ತೆಗೆದುಕೊಳ್ಳುತ್ತಾರೆ. ಮೊದಲು 0.25 ಇತ್ತು, ಈಗ ರಾತ್ರಿ 0.5 ಎಂಜಿಯ ಎರಡು ಮಾತ್ರೆ. ತಿಂಗಳಿಗೆ 15 ಮಾತ್ರೆಯ ನಾಲ್ಕು ಸ್ಟ್ರಿಪ್ ಸಾಕಾಗುತ್ತಿತ್ತು, ಈಚೆಗೆ ಆರು ಬೇಕಾಗುತ್ತಿದೆ. ಮರೆತು ಎರಡೆರಡು ಸಲ ನುಂಗುತ್ತಾರೇನೋ. ಇದೂ ಚಟವೇ?

ಉತ್ತರ: ನೀವು ಕೊನೆಗೆ ಬರೆದ ಸಾಲಿನಿಂದಲೇ ಶುರುಮಾಡುತ್ತೇನೆ, ಏಕೆಂದರೆ ಅದು ಇಂದೇ ಆಗಬೇಕಾದ ಕೆಲಸ. ಅಮ್ಮನಿಗೆ ತಿಂಗಳಿಗೆ 60 ಮಾತ್ರೆ ಬೇಕು, ನಾಲ್ಕು ಸ್ಟ್ರಿಪ್‌ಗೆ ಲೆಕ್ಕ ಸರಿಹೋಗುತ್ತದೆ. ಈಗ ಹೆಚ್ಚಿಗೆ ಹೋಗುತ್ತಿರುವುದು 30, ಅಂದರೆ ದಿನಕ್ಕೊಂದು. ‘ಈಚೆಗೆ’ ಎಂದರೆ ಎಂದಿನಿಂದ ಎಂದು ನೀವು ಬರೆದಿಲ್ಲ. ನಿಮ್ಮ ತಮ್ಮ ಊರಿಗೆ ಬಂದ ಮೇಲೆ ಶುರುವಾಗಿದ್ದರೆ, ಅಮ್ಮನ ಮರೆವನ್ನು ಅನುಮಾನಿಸುವ ಮೊದಲು ಆ ಮಾತ್ರೆಗಳು ಅವನ ಕೈಸೇರುತ್ತಿರಬಹುದು ಎಂದುಕೊಳ್ಳಿ. ಟ್ಯಾಪೆಂಟಡಾಲ್ ಓಪಿಯಾಯ್ಡ್ ಗುಂಪಿನ ಮಾತ್ರೆ. ಅದರ ಜೊತೆ ಆಲ್ಪ್ರಜೋಲಾಮ್ ಸೇರಿದರೆ ನಿದ್ದೆಯಲ್ಲೇ ಉಸಿರು ನಿಧಾನವಾಗುತ್ತಾ ನಿಂತುಹೋಗಬಹುದು. ಒಂದೊಂದೇ ತೆಗೆದುಕೊಂಡಾಗ ತಡೆದುಕೊಳ್ಳುವ ದೇಹ ಎರಡೂ ಕೂಡಿದಾಗ ತಡೆಯುವುದಿಲ್ಲ. ಮೇಲೆ ಮದ್ಯವೂ ಬಿದ್ದರೆ ಇನ್ನೂ ಕಷ್ಟ. ಆದ್ದರಿಂದ ಸ್ಟ್ರಿಪ್‌ಗಳನ್ನು ಇಂದೇ ಬೀಗ ಹಾಕಿದ ಕಡೆ ಇಡಿ, ರಾತ್ರಿ ಎರಡು ಮಾತ್ರೆಯನ್ನು ನೀವೇ ಎಣಿಸಿ ಅಮ್ಮನ ಕೈಗೆ ಕೊಡಿ. ಅಮ್ಮನ ಮಾತ್ರೆಯನ್ನು ಮಾತ್ರ ಏಕಾಏಕಿ ನಿಲ್ಲಿಸಬೇಡಿ. ಕಾರಣ ಮುಂದೆ ಹೇಳುತ್ತೇನೆ. ತಮ್ಮನೂ ದಿನವೂ ಅದನ್ನು ತೆಗೆದುಕೊಳ್ಳುತ್ತಿದ್ದರೆ, ಬೀಗ ಹಾಕಿದ ಮೇಲೆ ಅವನಿಗೂ ನಡುಕ, ತಳಮಳ ಬರಬಹುದು. ಹಾಗಾಗಿ ಬೀಗ ಹಾಕಿದ ದಿನದಿಂದ ಎರಡು ಮೂರು ದಿನದೊಳಗೆ ವೈದ್ಯರನ್ನು ಕಾಣಬೇಕು. ನಡುವೆ ಫಿಟ್ಸ್ ಬಂದರೆ ಹತ್ತಿರದ ತುರ್ತು ವಿಭಾಗಕ್ಕೆ ನೇರವಾಗಿ ಹೋಗಿ.

ಇನ್ನು ನಿಮ್ಮ ತಮ್ಮನ ಮಾತು. ಅವನು ಕಂಡದ್ದು ನಿಜ, ಅದರಿಂದ ಅವನು ಮಾಡಿದ ತೀರ್ಮಾನ ಸರಿಯಲ್ಲ.

ಕರ್ನಾಟಕದಲ್ಲಿ ಯಾವ ವ್ಯಸನಮುಕ್ತಿ ಕೇಂದ್ರಕ್ಕೆ ಹೋದರೂ ಮಂಚದ ಮೇಲೆ ಹೆಚ್ಚಾಗಿ ಕಾಣುವುದು ಮೂವತ್ತರಿಂದ ಐವತ್ತರ ನಡುವಿನ ಗಂಡಸರು. ಮದುವೆಯಾದವರು, ದುಡಿಯುತ್ತಿದ್ದವರು, ಬಹಳ ಮಂದಿ ಹೈಸ್ಕೂಲಿನಾಚೆ ಓದದವರು, ಮದ್ಯಕ್ಕಾಗಿ ಬಂದವರು. ಆದರೆ ಇದು ಚಿಕಿತ್ಸೆಗೆ ಬಂದವರ ಚಿತ್ರ. ಚಟಕ್ಕೆ ಸಿಕ್ಕವರೆಲ್ಲರ ಚಿತ್ರ ಇದಲ್ಲ. ಆಸ್ಪತ್ರೆಯ ದಾಖಲೆ ಪುಸ್ತಕದಲ್ಲಿ ಬರೆದಿರುವುದು ಯಾರನ್ನು ಯಾರು, ಯಾವ ಹಂತದಲ್ಲಿ ಕರೆತಂದರು ಎಂಬುದು. ಕರೆತರುವವರು ಇಲ್ಲದವರ ಹೆಸರು ಅಲ್ಲಿ ಏರುವುದೇ ಇಲ್ಲ.

ಬರದವರು ಎಷ್ಟು ಎಂಬುದಕ್ಕೆ ಒಂದು ಅಂದಾಜಿದೆ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆ 10ರಿಂದ 75 ವರ್ಷದವರನ್ನು ಲೆಕ್ಕಕ್ಕೆ ತೆಗೆದುಕೊಂಡಿತು. ಮದ್ಯಕ್ಕೆ ಅವಲಂಬಿತರಾದ 38 ಜನರಲ್ಲಿ ಒಬ್ಬರು ಮಾತ್ರ ಯಾವುದಾದರೂ ಚಿಕಿತ್ಸೆ ಕಂಡಿದ್ದರು. ಆಸ್ಪತ್ರೆಗೆ ದಾಖಲಾಗಿದ್ದವರು 180ಕ್ಕೆ ಒಬ್ಬರು. ಗಾಂಜಾ, ಹೆರಾಯಿನ್‌ನಂಥ ಇತರ ಮಾದಕ ವಸ್ತುಗಳಲ್ಲಿ 20ಕ್ಕೆ ಒಬ್ಬರು. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲೂ ಮದ್ಯದ ತೊಂದರೆ ಇದ್ದವರಲ್ಲಿ ಸುಮಾರು ಶೇ 86ರಷ್ಟು ಮಂದಿ ಚಿಕಿತ್ಸೆಯ ಹೊರಗೇ ಇದ್ದರು. ಅಂದರೆ ನಿಮ್ಮ ತಮ್ಮ ನೋಡಿದ ಆ ಮೂವತ್ತು ಜನ, ಜರಡಿ ಹಿಡಿದ ಮೇಲೆ ಉಳಿದವರು.

ಆ ಜರಡಿ ಹೇಗೆ ಕೆಲಸ ಮಾಡುತ್ತದೆ ಎಂಬುದು ನಿಮಗೆ ತಿಳಿದಿದ್ದರೆ ಒಳ್ಳೆಯದು, ಅವನ ಜೊತೆ ಮಾತಾಡುವಾಗ ಬೇಕಾಗುತ್ತದೆ.

ಮೊದಲನೆಯದು ದೇಹ ಕೆಡುವ ರೀತಿ. ಮದ್ಯ ವರ್ಷಗಟ್ಟಲೆ ಸುಮ್ಮನಿದ್ದು ಒಂದು ದಿನ ಕಣ್ಣಿಗೆ ಕಾಣುವಂತೆ ಹೊಡೆಯುತ್ತದೆ: ಕಾಮಾಲೆ, ರಕ್ತವಾಂತಿ, ಕುಡಿಯದ ದಿನ ಫಿಟ್ಸ್. ನಮ್ಮಲ್ಲಿ ಸಾಮಾನ್ಯವಾಗಿ ಇಪ್ಪತ್ತರ ಆಸುಪಾಸಿನಲ್ಲಿ ಶುರುವಾದ ಕುಡಿತ ಮೂವತ್ತರ ಹೊತ್ತಿಗೆ ಬೆಳಗಿನ ಕೈನಡುಕಕ್ಕೆ ಬರುತ್ತದೆ. ಆಸ್ಪತ್ರೆಯ ಮೆಟ್ಟಿಲು ಹತ್ತುವುದು ಇನ್ನೂ ಕೆಲವು ವರ್ಷ ಕಳೆದ ಮೇಲೆ. ಹಾಗಾಗಿ ವಾರ್ಡಿನಲ್ಲಿ ಕಾಣುವ ನಲವತ್ತು ವರ್ಷ ಕಾಯಿಲೆ ಶುರುವಾದ ವಯಸ್ಸಲ್ಲ, ಸಿಕ್ಕಿಬಿದ್ದ ವಯಸ್ಸು. ಆ ಮೂವತ್ತು ಜನರೂ ಒಂದು ಕಾಲಕ್ಕೆ 23ರ ಹುಡುಗರೇ ಆಗಿದ್ದರು. 50 ದಾಟಿದವರ ಚರಿತ್ರೆ ಕೇಳಿದರೆ ಇವತ್ತಿಗೂ ಹಲವರದು ಸಾರಾಯಿ ಪ್ಯಾಕೆಟ್ಟಿನಿಂದ ಶುರುವಾಗುತ್ತದೆ. 2007ರ ಜುಲೈಯಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಿತು, ಅವರು ಅಗ್ಗದ ವಿಸ್ಕಿ, ರಮ್ಮಿನ ಕ್ವಾರ್ಟರಿಗೆ ದಾಟಿದರು. ಒಂದು ಕ್ವಾರ್ಟರ್, ಅಂದರೆ 180 ಎಂಎಲ್‌ನಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ದಿನಕ್ಕೆ ಅಷ್ಟಾದರೆ ಅಳತೆ ಬಹಳ ಮೀರಿತು, ಕುಡಿಯುವವರ ಬಾಯಲ್ಲಿ ಅದು ‘ಬರೀ ಒಂದು ಕ್ವಾರ್ಟರ್’.

ಗಾಂಜಾ ಹೀಗೆ ಹೊಡೆಯುವುದಿಲ್ಲ. ಅದರಿಂದ ಕಾಮಾಲೆ ಬರದು, ಬಿಟ್ಟರೆ ಫಿಟ್ಸ್ ಬರದು. ಬರುವುದು ಮಂಕು, ಓದು-ಕೆಲಸದಲ್ಲಿ ಜಾರಿಕೆ, ಕೆಲವರಿಗೆ ಸಂಶಯ, ಕಿವಿಯಲ್ಲಿ ಮಾತು ಕೇಳಿಸುವ ಭ್ರಮೆ. ಆದ್ದರಿಂದ ಗಾಂಜಾ ಸೇದುವವರು ವ್ಯಸನಮುಕ್ತಿ ಕೇಂದ್ರದ ಬಾಗಿಲಿಗಿಂತ ಮನೋರೋಗ ವಿಭಾಗದ ಬಾಗಿಲಿನಿಂದ, ಕಾಲೇಜಿನ ಕಚೇರಿಯಿಂದ, ಇಲ್ಲವೇ ಪೊಲೀಸ್ ಠಾಣೆಯಿಂದ ಬರುತ್ತಾರೆ. ಹೆರಾಯಿನ್, ನೋವಿನ ಮಾತ್ರೆ, ಚುಚ್ಚಿಕೊಳ್ಳುವ ಚಟದವರು ಇಪ್ಪತ್ತರ ಹರೆಯದಲ್ಲೇ ಬರುತ್ತಾರೆ, ಯಾಕೆಂದರೆ ಆ ಚಟ ಮನುಷ್ಯನನ್ನು ತಿಂಗಳುಗಳಲ್ಲೇ ಹಿಡಿಯುತ್ತದೆ, ವರ್ಷಗಟ್ಟಲೆ ಕಾಯುವುದಿಲ್ಲ. ಪಂಕ್ಚರ್ ಸಲ್ಯೂಷನ್, ವೈಟ್ನರ್ ಮೂಸುವವರು ಇನ್ನೂ ಚಿಕ್ಕವರು. 2019ರ ಸಮೀಕ್ಷೆಯಲ್ಲಿ ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚು ಪ್ರಮಾಣದಲ್ಲಿ ಕಂಡ ಒಂದೇ ವಸ್ತು ಅದು. 10ರಿಂದ 17 ವರ್ಷದವರಲ್ಲಿ ಶೇ 1.17, ದೊಡ್ಡವರಲ್ಲಿ ಶೇ 0.58. ಆದರೆ ಹದಿಮೂರರ ಹುಡುಗನನ್ನು ಸೇರಿಸಿಕೊಳ್ಳುವ ಕೇಂದ್ರ ಹುಡುಕಿ ನೋಡಿ, ಎಷ್ಟು ಕಷ್ಟವೆಂದು ಗೊತ್ತಾಗುತ್ತದೆ.

ಊರಿನ ಮೇಲೂ ಚಿತ್ರ ಬದಲಾಗುತ್ತದೆ. ಮಿಜೋರಾಂ, ನಾಗಾಲ್ಯಾಂಡ್, ಮಣಿಪುರದ ಕಡೆ ಓಪಿಯಾಯ್ಡ್ ಬಳಕೆ ದೇಶದಲ್ಲೇ ಹೆಚ್ಚು. ಅಲ್ಲಿನ ಅಥವಾ ಪಂಜಾಬಿನ ಕೇಂದ್ರಕ್ಕೆ ಹೋಗಿದ್ದರೆ ನಿಮ್ಮ ತಮ್ಮನ ಅಕ್ಕಪಕ್ಕದಲ್ಲಿ ಅವನ ವಯಸ್ಸಿನವರೇ ಕೂತಿರುತ್ತಿದ್ದರು, ‘ಇವರ ಥರ ಅಲ್ಲ’ ಎಂಬ ಮಾತು ಅವನ ಬಾಯಿಗೆ ಬರುತ್ತಿರಲಿಲ್ಲ.

ಎರಡನೆಯದು ಕರೆತರುವವರು. ಗಂಡ ಕುಡಿದರೆ ಹೆಂಡತಿ ಕರೆತರುತ್ತಾಳೆ, ಮನೆಗೆ ಬರುವ ಸಂಬಳ ನಿಂತಾಗ ಅಣ್ಣತಮ್ಮಂದಿರು ಕರೆತರುತ್ತಾರೆ. ಬಾಡಿಗೆ ರೂಮಿನಲ್ಲಿರುವ ಒಂಟಿ ಹುಡುಗನನ್ನು ಯಾರು ಕರೆತರಬೇಕು? ರೂಮ್‌ಮೇಟ್ ಕೈಯಲ್ಲೂ ಅದೇ ಮಾತ್ರೆ. ನಿಮ್ಮ ಸೋದರಮಾವನ ಸಲಹೆಗೂ ಇಲ್ಲೇ ಉತ್ತರವಿದೆ. ಮದುವೆಯಿಂದ ಚಟ ಬಿಡುವುದಾದರೆ ವಾರ್ಡಿನ ತುಂಬ ಬ್ರಹ್ಮಚಾರಿಗಳಿರಬೇಕಿತ್ತು. ಇರುವವರಲ್ಲಿ ಹೆಚ್ಚಿನವರು ಮದುವೆಯಾದವರೇ. ಮದುವೆ ಚಟವನ್ನು ಬಿಡಿಸುವುದಿಲ್ಲ, ಆಸ್ಪತ್ರೆಗೆ ಕರೆದೊಯ್ಯಲು ಇನ್ನೊಬ್ಬಳನ್ನು ಮನೆಗೆ ತರುತ್ತದೆ, ಅಷ್ಟೇ. ಆ ಹೊರೆಯನ್ನು ಗೊತ್ತಿಲ್ಲದ ಹುಡುಗಿಯ ತಲೆಗೆ ಕಟ್ಟಬೇಡಿ. ಕನಿಷ್ಠ ಒಂದು ವರ್ಷ ಸ್ಥಿರವಾಗಿದ್ದ ಮೇಲೆ, ಹುಡುಗಿಯ ಕಡೆಯವರಿಗೆ ಎಲ್ಲ ಹೇಳಿ ಯೋಚಿಸುವ ವಿಷಯ ಅದು.

ಮೂರನೆಯದು ದುಡ್ಡು. ಸರ್ಕಾರಿ ಆಸ್ಪತ್ರೆ, ಅನುದಾನಿತ ಕೇಂದ್ರಗಳ ಲೆಕ್ಕ ಮಾತ್ರ ಹೊರಗೆ ಬರುತ್ತದೆ. ಅನುಕೂಲಸ್ಥರು ಖಾಸಗಿ ಆಸ್ಪತ್ರೆಯಲ್ಲಿ ‘ಲಿವರ್ ತೊಂದರೆ’, ‘ಡಿಪ್ರೆಷನ್’ ಎಂಬ ಹೆಸರಿನಲ್ಲಿ ದಾಖಲಾಗುತ್ತಾರೆ. ‘ನಮ್ಮಂಥ ಮನೆಯವರಿಗೆ ಬರುವುದಿಲ್ಲ’ ಎಂಬ ನಂಬಿಕೆ ಉಳಿದುಕೊಂಡಿರುವುದು ಹೀಗೆ. ಮನೆತನಕ್ಕೂ ಚಟಕ್ಕೂ ನಿಜವಾದ ಸಂಬಂಧ ಒಂದಿದೆ, ಅದು ರಕ್ತದ್ದು. ಮದ್ಯದ ಅವಲಂಬನೆಯ ಅಪಾಯದಲ್ಲಿ ಸುಮಾರು ಅರ್ಧ ಪಾಲು ವಂಶವಾಹಿಯದೆಂದು ಅವಳಿ-ಜವಳಿಗಳ ಅಧ್ಯಯನಗಳು ತೋರಿಸಿವೆ. ಶುರುಮಾಡಿದ ವಯಸ್ಸೂ ಲೆಕ್ಕಕ್ಕೆ ಬರುತ್ತದೆ. ಗಾಂಜಾ ಸೇದಿ ನೋಡಿದವರಲ್ಲಿ ಸುಮಾರು ಹತ್ತಕ್ಕೊಬ್ಬರು ಅದಕ್ಕೆ ಅವಲಂಬಿತರಾಗುತ್ತಾರೆ; ಹದಿಹರೆಯದಲ್ಲೇ ಹಿಡಿದವರಲ್ಲಿ ಆರಕ್ಕೊಬ್ಬರು. ನಿಮ್ಮ ತಮ್ಮ ಪಿಯುಸಿಯಲ್ಲಿ ಶುರುಮಾಡಿದವನು. ‘ಗಾಂಜಾಕ್ಕೆ ಅಡಿಕ್ಷನ್ ಇಲ್ಲ’ ಎಂದು ಅವನು ವಾದಿಸಿದರೆ, ವಾದ ಮಾಡಬೇಡಿ. ಒಂದು ವಾರ ಬಿಟ್ಟು ನೋಡು ಎನ್ನಿ. ಸಿಡುಕು, ಊಟ ಸೇರದಿರುವುದು, ನಿದ್ದೆಗೇಡು, ಬೆಚ್ಚಿಬೀಳುವ ಕನಸು ಮೊದಲ ವಾರದಲ್ಲೇ ಉತ್ತರ ಹೇಳುತ್ತವೆ.

ಇನ್ನು ಹೆಣ್ಣುಮಕ್ಕಳ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಿಮ್ಮ ಮನೆಯಲ್ಲಿ ಅವಲಂಬನೆಗೆ ಒಳಗಾದವರು ಇಬ್ಬರು. ನಿಮ್ಮ ಪತ್ರದಲ್ಲಿ ಒಬ್ಬರ ಬಗ್ಗೆ ಪುಟ ತುಂಬ ಇದೆ, ಇನ್ನೊಬ್ಬರು ‘ಇನ್ನೊಂದು ವಿಷಯ’.

ಸಮೀಕ್ಷೆಯಂತೆ ಮದ್ಯ ಕುಡಿಯುವ ಗಂಡಸರು ಶೇ 27.3, ಹೆಂಗಸರು ಶೇ 1.6. ಹೆಂಗಸರು ಕಡಿಮೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಚಿಕಿತ್ಸೆಯ ಬಾಗಿಲಲ್ಲಿ ಅವರು ಇನ್ನೂ ಕಡಿಮೆ. ಜಗತ್ತಿನ ಲೆಕ್ಕದಲ್ಲಿ ಮಾದಕ ವಸ್ತು ಬಳಸುವವರಲ್ಲಿ ಮೂರರಲ್ಲಿ ಒಬ್ಬರು ಹೆಣ್ಣಾದರೆ, ಚಿಕಿತ್ಸೆಯಲ್ಲಿರುವವರಲ್ಲಿ ಐವರಲ್ಲಿ ಒಬ್ಬರು. ಗಂಡನನ್ನು ಹೆಂಡತಿ ಕರೆತರುವಂತೆ ಹೆಂಡತಿಯನ್ನು ಗಂಡ ಕರೆತರುವುದು ಅಪರೂಪ, ತವರಿಗೆ ಕಳಿಸುವುದೇ ಹೆಚ್ಚು. ಮಗುವನ್ನು ಯಾರ ಬಳಿ ಬಿಡುವುದು, ಅಡುಗೆ ಯಾರು ಮಾಡುವುದು ಎಂಬುದಕ್ಕೆ ಉತ್ತರವಿಲ್ಲದೆ ಎಷ್ಟೋ ಮಂದಿ ದಾಖಲಾಗುವುದಿಲ್ಲ. ಹೆಂಗಸರಿಗೆ ಬೇರೆ ವಾರ್ಡ್ ಇರುವ ಕೇಂದ್ರಗಳೂ ಬೆರಳೆಣಿಕೆ. ಬಂದವರಲ್ಲಿ ಕಾಯಿಲೆ ಮುಂದುವರಿದಿರುತ್ತದೆ: ಹೆಣ್ಣಿನ ದೇಹದಲ್ಲಿ ನೀರಿನ ಅಂಶ ಕಡಿಮೆ ಇರುವುದರಿಂದ ಅಷ್ಟೇ ಮದ್ಯ ರಕ್ತದಲ್ಲಿ ಹೆಚ್ಚು ಗಾಢವಾಗುತ್ತದೆ, ಶುರುವಿನಿಂದ ಅವಲಂಬನೆಗೆ ಹಿಡಿಯುವ ಸಮಯ ಗಂಡಸರಿಗಿಂತ ಕಡಿಮೆ. ಎಲೆಅಡಿಕೆಯ ಜೊತೆ ಕಡ್ಡಿಪುಡಿ ಹಾಕುವ ಅಜ್ಜಿಯಂದಿರನ್ನು ನಾವು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಅದೂ ನಿಕೋಟಿನ್ ಅವಲಂಬನೆಯೇ, ತಾಂಬೂಲದ ತಟ್ಟೆಯ ಪಕ್ಕದಲ್ಲಿರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ.

ನಿದ್ದೆ ಮಾತ್ರೆ ಇನ್ನೊಂದು ಕಾಣದ ವಸ್ತು. ಚೀಟಿ ಬರೆದವರು ವೈದ್ಯರು, ಕೊಟ್ಟದ್ದು ಔಷಧದಂಗಡಿ, ತೆಗೆದುಕೊಳ್ಳುವವರು ಮನೆಯ ಹಿರಿಯರು. ಎಲ್ಲೂ ‘ಚಟ’ ಎಂಬ ಮಾತು ಬರುವುದಿಲ್ಲ. ನಿಮ್ಮ ಅಮ್ಮನದು ನೀತಿಗೆಟ್ಟ ಚಟವಲ್ಲ, ಹಾಗೆಂದು ಅವರಿಗೆ ಹೇಳಲೂಬೇಡಿ. ಆದರೆ 0.25ರಿಂದ 1 ಎಂಜಿಗೆ, ನಾಲ್ಕು ಪಟ್ಟು ಏರಿದೆ. ದೇಹ ಅದಕ್ಕೆ ಒಗ್ಗಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಈಗ ತಮ್ಮನ ಚಿಕಿತ್ಸೆ. ನೀವು ಗಾಂಜಾವನ್ನು ಮುಖ್ಯವೆಂದುಕೊಂಡಿದ್ದೀರಿ. ನಾನು ಮೊದಲು ಹಿಡಿಯುವುದು ಟ್ಯಾಪೆಂಟಡಾಲ್ ಅನ್ನು. ಮೂಗು ಸೋರುವುದು, ಆಕಳಿಕೆ, ಭೇದಿ, ನಿದ್ದೆ ಬಾರದಿರುವುದು ಒಟ್ಟಿಗೇ ಬಂದು, ಮಾತ್ರೆ ಸಿಕ್ಕೊಡನೆ ಮಾಯವಾದರೆ ಅದು ಶೀತವಲ್ಲ, ಓಪಿಯಾಯ್ಡ್ ಹಿಂತೆಗೆತ, ಅಂದರೆ ಒಗ್ಗಿದ ದೇಹಕ್ಕೆ ಮಾತ್ರೆ ತಪ್ಪಿದಾಗ ಬರುವ ತೊಂದರೆ. ಜೊತೆಗೆ ಮೈಕೈ ನೋವು, ಮೈಮೇಲೆ ಗುಳ್ಳೆ ಎದ್ದಂತೆ ರೋಮಾಂಚನ, ದೊಡ್ಡದಾದ ಕಣ್ಣುಪಾಪೆ ಇದೆಯೇ ನೋಡಿ. ಕೊನೆಯ ಮಾತ್ರೆಯಾದ ಅರ್ಧ ದಿನದಿಂದ ಒಂದು ದಿನದೊಳಗೆ ಶುರುವಾಗಿ, ಎರಡು ಮೂರನೆಯ ದಿನ ಜೋರಾಗಿ, ವಾರ ಹತ್ತು ದಿನಕ್ಕೆ ಇಳಿಯುತ್ತದೆ. ನಿದ್ದೆ ಮಾತ್ರ ವಾರಗಟ್ಟಲೆ ಸರಿಹೋಗದು.

ಕಿಟ್‌ನಲ್ಲಿ ಬರಲಿಲ್ಲ ಎಂದು ನಿಶ್ಚಿಂತರಾಗಬೇಡಿ. ಅಂಗಡಿಯಲ್ಲಿ ಸಿಗುವ ಕಿಟ್ ಹುಡುಕುವುದು ಮಾರ್ಫಿನ್ ಜಾತಿಯ ವಸ್ತುವನ್ನು. ಟ್ಯಾಪೆಂಟಡಾಲ್ ಬೇರೆ ರಚನೆಯದು, ಅದಕ್ಕೆ ಸಿಗುವುದಿಲ್ಲ. ಅದೇ ಕಿಟ್ಟಿನಲ್ಲಿ ಗಾಂಜಾ ಮಾತ್ರ, ದಿನವೂ ಸೇದುವವರಲ್ಲಿ ಬಿಟ್ಟು ಮೂರ್ನಾಲ್ಕು ವಾರವಾದರೂ ಕಾಣಿಸಬಹುದು. ಹಾಗಾಗಿ ‘ಬಿಟ್ಟಿದ್ದೇನೆ’ ಎಂದವನನ್ನು ಕಿಟ್ ತೋರಿಸಿ ಸುಳ್ಳುಗಾರ ಅನ್ನಬೇಡಿ.

ಒಂದು ವಿಷಯ ಮೊದಲ ಭೇಟಿಯಲ್ಲೇ ಅವನನ್ನು ವೈದ್ಯರು ಏಕಾಂತದಲ್ಲಿ ಕೇಳಬೇಕು: ನುಂಗುತ್ತಾನೋ, ಅರೆದು ಕರಗಿಸಿ ಚುಚ್ಚಿಕೊಳ್ಳುತ್ತಾನೋ? ಮಾತ್ರೆಯನ್ನು ಗಟ್ಟಿಮಾಡಲು ಬೆರೆಸಿದ ಪುಡಿಗಳು ನೀರಿನಲ್ಲಿ ಪೂರ್ತಿ ಕರಗುವುದಿಲ್ಲ. ಅವು ರಕ್ತನಾಳದಲ್ಲಿ ಕಟ್ಟಿಕೊಂಡು ಕೈ ಕಪ್ಪಾಗುತ್ತದೆ, ಕೀವುಗುಳ್ಳೆ ಏಳುತ್ತದೆ. ಸೂಜಿ ಹಂಚಿಕೊಂಡಿದ್ದರೆ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಆಗಲೇಬೇಕು. ಇನ್ನೊಂದು, ಪ್ರಮಾಣ ಏರಿದಾಗ ಟ್ಯಾಪೆಂಟಡಾಲ್ ತಾನೇ ಫಿಟ್ಸ್ ತರಬಲ್ಲದು. ಹಿಂದೆ ಎಂದಾದರೂ ಪ್ರಜ್ಞೆ ತಪ್ಪಿ ಬಿದ್ದಿದ್ದಾನೆಯೇ ಎಂದು ರೂಮ್‌ಮೇಟನ್ನು ಕೇಳಿ ತಿಳಿಯಿರಿ.

ದಾರಿಗಳು ಮೂರು. ಮೊದಲನೆಯದು ಬುಪ್ರಿನಾರ್ಫಿನ್-ನಲಾಕ್ಸೋನ್ ಎಂಬ, ನಾಲಿಗೆಯಡಿ ಇಡುವ ಮಾತ್ರೆ; ಟ್ಯಾಪೆಂಟಡಾಲ್ ಜಾಗದಲ್ಲಿ, ಹಿಂತೆಗೆತವನ್ನು ತಡೆಯಲು ಕೊಡುವಂಥದ್ದು. ಹಿಂತೆಗೆತದ ಲಕ್ಷಣ ಕಣ್ಣಿಗೆ ಕಾಣುವಂತೆ ಶುರುವಾದ ಮೇಲೆಯೇ, ಅಂದರೆ ಸಾಮಾನ್ಯವಾಗಿ ಕೊನೆಯ ಮಾತ್ರೆಯಾಗಿ ಹನ್ನೆರಡರಿಂದ ಇಪ್ಪತ್ನಾಲ್ಕು ಗಂಟೆಯ ನಂತರ, 2ರಿಂದ 4 ಎಂಜಿಯಿಂದ ಶುರುಮಾಡುತ್ತಾರೆ. ಅವಸರಪಟ್ಟು ಮೊದಲೇ ಇಟ್ಟರೆ ಅದೇ ಹಿಂತೆಗೆತವನ್ನು ಒಮ್ಮೆಲೇ ತರುತ್ತದೆ, ಹುಡುಗ ಆ ಔಷಧವನ್ನು ಮತ್ತೆ ಮುಟ್ಟುವುದಿಲ್ಲ. ಸರಿಯಾದ ಪ್ರಮಾಣ ಹತ್ತಿದರೆ ಕೆಲಸಕ್ಕೆ ಹೋಗುತ್ತಾ ಹೊರರೋಗಿಯಾಗಿಯೇ ಮುಂದುವರಿಸಬಹುದು. ‘ಒಂದು ಚಟ ಬಿಡಿಸಿ ಇನ್ನೊಂದು ಹಚ್ಚುತ್ತಾರೆ’ ಎಂಬ ಮಾತು ಕೇಳುತ್ತೀರಿ. ಔಷಧಕ್ಕೆ ದೇಹ ಒಗ್ಗುವುದು ನಿಜ. ಆದರೆ ಈ ಚಿಕಿತ್ಸೆಯಲ್ಲಿರುವವರ ಸಾವಿನ ಪ್ರಮಾಣ ಬಿಟ್ಟುಹೋದವರಿಗಿಂತ ಅರ್ಧಕ್ಕೂ ಕಡಿಮೆ ಎಂದು ಬೇರೆ ಬೇರೆ ದೇಶಗಳ ದಾಖಲೆ ಹೇಳುತ್ತದೆ. ತೊಂದರೆ ಎಂದರೆ ಮೂರು ನಾಲ್ಕು ತಿಂಗಳಿಗೇ ನಿಲ್ಲಿಸುವುದು. ವರ್ಷಕ್ಕಿಂತ ಕಡಿಮೆ ಯೋಚಿಸಬೇಡಿ. ಈ ಔಷಧದ ಜೊತೆಗೂ ಆಲ್ಪ್ರಜೋಲಾಮ್ ಸೇರಬಾರದು, ಅಮ್ಮನ ಸ್ಟ್ರಿಪ್‌ಗೆ ಬೀಗ ಅದಕ್ಕೂ ಬೇಕು.

ಎರಡನೆಯದು ಹತ್ತು ಹದಿನೈದು ದಿನ ದಾಖಲಾಗಿ ಹಿಂತೆಗೆತ ದಾಟಿ, ಆಮೇಲೆ ನಾಲ್ಟ್ರೆಕ್ಸೋನ್ 50 ಎಂಜಿ ದಿನಕ್ಕೊಂದು. ಇದು ಓಪಿಯಾಯ್ಡ್‌ನ ಮತ್ತನ್ನೇ ತಡೆಯುತ್ತದೆ. ಕೊನೆಯ ಮಾತ್ರೆಯಾಗಿ ಏಳರಿಂದ ಹತ್ತು ದಿನ ಕಳೆದಿರಬೇಕು, ಲಿವರ್ ಪರೀಕ್ಷೆ ಆಗಿರಬೇಕು. ಮನೆಯವರೊಬ್ಬರು ಎದುರು ನಿಂತು ನುಂಗಿಸಿದರೆ ಮಾತ್ರ ಇದು ನಡೆಯುತ್ತದೆ, ಇಲ್ಲವಾದರೆ ಎರಡನೇ ವಾರಕ್ಕೆ ಮಾತ್ರೆ ದಿಂಬಿನ ಕೆಳಗೆ ಸಿಗುತ್ತದೆ. ನೌಕರಿಗೆ ಮರಳುವ ಒತ್ತಡವಿದ್ದು, ಮನೆಯ ಬಿಗಿ ಇದ್ದವರಿಗೆ ಇದು ಒಗ್ಗುತ್ತದೆ.

ಮೂರನೆಯದು ನೀವು ನೋಡಿಬಂದಂಥ ತಿಂಗಳುಗಟ್ಟಲೆಯ ವಾಸ. ಬೇಡವೇ ಬೇಡ ಎನ್ನುವುದಿಲ್ಲ. ಮನೆಯಲ್ಲಿ, ಸುತ್ತಮುತ್ತ ಮಾತ್ರೆ ಸುಲಭವಾಗಿ ಸಿಗುವಾಗ, ಎರಡು ಸಲ ಪ್ರಯತ್ನಿಸಿ ಸೋತಾಗ ಅದಕ್ಕೆ ಅರ್ಥವಿದೆ. ಆದರೆ ಇದರ ದೊಡ್ಡ ಅಪಾಯ ಬಿಡುಗಡೆಯಾದ ಮೊದಲ ಕೆಲವು ವಾರದಲ್ಲಿದೆ. ಮೂರು ತಿಂಗಳು ಮುಟ್ಟದ ದೇಹಕ್ಕೆ ತಡೆದುಕೊಳ್ಳುವ ಶಕ್ತಿ ಹೋಗಿರುತ್ತದೆ. ಹಳೆಯ ಲೆಕ್ಕದಲ್ಲಿ ಅಷ್ಟೇ ಮಾತ್ರೆ ತೆಗೆದುಕೊಂಡರೆ ಪ್ರಾಣ ಹೋಗಬಹುದು. ಹೊರಗೆ ಬಂದ ಮೇಲೆ ಔಷಧ ಯಾವುದು, ಯಾರ ಬಳಿ ಎಂಬುದು ಸೇರಿಸುವ ಮೊದಲೇ ತೀರ್ಮಾನವಾಗಿರಬೇಕು.

ಕೇಂದ್ರದವರನ್ನು ಕೇಳಬೇಕಾದ್ದು ಇಷ್ಟು: ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರ ತೋರಿಸಿ, ಮನೋವೈದ್ಯರು ವಾರಕ್ಕೆ ಎಷ್ಟು ದಿನ ಬರುತ್ತಾರೆ, ರಾತ್ರಿ ನರ್ಸ್ ಇರುತ್ತಾರೆಯೇ, ಮೊದಲ ವಾರ ಫಿಟ್ಸ್ ಬಂದರೆ ಎಲ್ಲಿಗೆ ಒಯ್ಯುತ್ತೀರಿ. ‘ಇಲ್ಲಿ ಔಷಧವೇ ಕೊಡುವುದಿಲ್ಲ, ಶಿಸ್ತಿನಿಂದಲೇ ಬಿಡಿಸುತ್ತೇವೆ’ ಎಂದರೆ ಅಲ್ಲಿಂದ ಎದ್ದುಬನ್ನಿ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ ವ್ಯಾಖ್ಯೆಯಲ್ಲಿ ಮದ್ಯ, ಮಾದಕ ವಸ್ತುಗಳಿಂದ ಬರುವ ಮಾನಸಿಕ ತೊಂದರೆಗಳೂ ಸೇರಿವೆ. ಅದರಂತೆ ಭೇಟಿ, ಫೋನ್ ರೋಗಿಯ ಹಕ್ಕು, ಸರಪಳಿ ಹಾಕುವುದು ನಿಷಿದ್ಧ. ಒಪ್ಪದ ವಯಸ್ಕನನ್ನು ಬಲವಂತದಿಂದ ಸೇರಿಸಲು 89ನೇ ಸೆಕ್ಷನ್ ಇದೆ. ಅದಕ್ಕೆ ಒಬ್ಬ ಮನೋವೈದ್ಯರೂ ಸೇರಿ ಇಬ್ಬರು ಬೇರೆಬೇರೆಯಾಗಿ ಪರೀಕ್ಷಿಸಿರಬೇಕು. ತನಗೋ ಬೇರೆಯವರಿಗೋ ಹಾನಿ ಮಾಡಿಕೊಳ್ಳುವ, ಅಥವಾ ತನ್ನನ್ನು ತಾನು ನೋಡಿಕೊಳ್ಳಲಾಗದ ಸ್ಥಿತಿ ಇರಬೇಕು. ಮೊದಲ ಅವಧಿ 30 ದಿನ. ‘ಅಕ್ಕ ಸಹಿ ಹಾಕಿದರೆ ಸಾಕು, ಮೂರು ತಿಂಗಳು’ ಎಂಬುದು ಕಾನೂನಲ್ಲ.

ನಾಲ್ಕನೆಯ ದಾರಿಯೊಂದನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ: ಸಾರಿನಲ್ಲಿ ಗೊತ್ತಾಗದಂತೆ ಪುಡಿ ಬೆರೆಸುವುದು. ಆ ಪೊಟ್ಟಣಗಳಲ್ಲಿ ಏನಿದೆಯೆಂದು ಮಾರುವವರಿಗೂ ಗೊತ್ತಿರುವುದಿಲ್ಲ. ಮದ್ಯ ಬಿಡಿಸಲು ಕೊಡುವ ಡೈಸಲ್ಫಿರಾಮ್ ಬೆರೆತಿದ್ದು, ತಿಳಿಯದೆ ಮದ್ಯ ಕುಡಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಬರಬಹುದು. ಓಪಿಯಾಯ್ಡ್‌ಗೆ ಅದರಿಂದ ಏನೂ ಪ್ರಯೋಜನವಿಲ್ಲ.

ಗಾಂಜಾಕ್ಕೆ ಇಂಥದೆಂದು ಒಪ್ಪಿತವಾದ ಔಷಧವಿಲ್ಲ. ವಾರಕ್ಕೊಮ್ಮೆಯಂತೆ ಕೆಲವು ತಿಂಗಳ ಆಪ್ತಸಮಾಲೋಚನೆ, ಯಾವಾಗ ಯಾರ ಜೊತೆ ಸೇದುತ್ತಾನೆಂದು ಅವನೇ ಬರೆದಿಡುವುದು, ಆ ಹೊತ್ತಿಗೆ ಬೇರೆ ಕೆಲಸ. ನಿಧಾನವಾದರೂ ಆಗುತ್ತದೆ. ಮನೆತನದಲ್ಲಿ ಯಾರಿಗಾದರೂ ಸ್ಕಿಜೋಫ್ರೇನಿಯಾ (ಭ್ರಮೆ, ಸಂಶಯಗಳ ತೀವ್ರ ಮನೋರೋಗ) ಇದ್ದರೆ ವೈದ್ಯರಿಗೆ ಮುಚ್ಚಿಡಬೇಡಿ, ಅಂಥವರಿಗೆ ಗಾಂಜಾ ಇನ್ನಷ್ಟು ಅಪಾಯ.

ಪೊಲೀಸರ ಭಯ ಬಿಡಿ. ಸೇವಿಸುತ್ತಾನೆ ಎಂಬ ಕಾರಣಕ್ಕೆ ವೈದ್ಯರು ದೂರು ಕೊಡಬೇಕಾಗಿಲ್ಲ. ಚಿಕಿತ್ಸೆಯ ವಿವರ ಗೋಪ್ಯವಾಗಿಡುವುದು ಕಾನೂನಿನ ಕಟ್ಟಳೆ. ಮಾದಕ ವಸ್ತು ನಿಯಂತ್ರಣದ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಸೇವನೆ ಅಪರಾಧವೇ ಹೌದು, ಗಾಂಜಾ ಸೇವನೆಗೆ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆದರೆ ಅದೇ ಕಾಯ್ದೆಯ 64ಎ ಸೆಕ್ಷನ್, ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಮಾನ್ಯತೆ ಪಡೆದ ಕಡೆ ಚಿಕಿತ್ಸೆಗೆ ಬಂದು ಅದನ್ನು ಪೂರೈಸಿದರೆ ವಿಚಾರಣೆಯಿಂದ ರಕ್ಷಣೆ ಕೊಡುತ್ತದೆ. ಪ್ರಮಾಣ ಮೀರಿ ಪ್ರಜ್ಞೆ ತಪ್ಪಿ ತುರ್ತು ವಿಭಾಗಕ್ಕೆ ಬಂದಾಗ ಆಸ್ಪತ್ರೆ ಎಂಎಲ್‌ಸಿ (ಪೊಲೀಸರಿಗೆ ತಿಳಿಸುವ ವೈದ್ಯಕೀಯ-ಕಾನೂನು ದಾಖಲೆ) ಬರೆಯಬಹುದು. ಅದರ ಹೆದರಿಕೆಯಿಂದ ಆಸ್ಪತ್ರೆಗೆ ಒಯ್ಯಲು ತಡಮಾಡಬೇಡಿ. ತುಟಿ ನೀಲಿಯಾಗಿ, ಗೊರಕೆಯಂಥ ಉಸಿರಿದ್ದು, ಅಲುಗಿಸಿದರೂ ಏಳದಿದ್ದರೆ ಪಕ್ಕಕ್ಕೆ ತಿರುಗಿಸಿ ಮಲಗಿಸಿ 108ಕ್ಕೆ ಕರೆ ಮಾಡಿ, ಏನು ತೆಗೆದುಕೊಂಡಿದ್ದಾನೆಂದು ಮುಚ್ಚುಮರೆಯಿಲ್ಲದೆ ಹೇಳಿ.

ಎಲ್ಲಿಗೆ ಹೋಗುವುದು? ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗದಿಂದ ಶುರುಮಾಡಿ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗೂ ಮನೋವೈದ್ಯರು ಗೊತ್ತಾದ ದಿನ ಬರುತ್ತಾರೆ, ವಿಚಾರಿಸಿ. ಬುಪ್ರಿನಾರ್ಫಿನ್ ಅಲ್ಲಿ ಇಲ್ಲದಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ ನಿಮಗೆ ಎಪ್ಪತ್ತು ಎಂಬತ್ತು ಕಿಲೋಮೀಟರಿನ ದಾರಿ. ಅಲ್ಲಿ ಅವನ ವಯಸ್ಸಿನವರನ್ನು ಅವನು ಕಾಣುತ್ತಾನೆ, ಅದೂ ಅವನಿಗೆ ಬೇಕಾದದ್ದೇ. ಹೋಗುವ ಮುಂಚೆ ಫೋನಿನಲ್ಲೇ ಮಾತಾಡಬೇಕೆಂದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416, ಮಾದಕ ವಸ್ತುಗಳದೇ ರಾಷ್ಟ್ರೀಯ ಸಹಾಯವಾಣಿ 14446.

ಅಮ್ಮನನ್ನೂ ಅದೇ ದಿನ, ಅದೇ ವೈದ್ಯರಿಗೆ ತೋರಿಸಿ. ಎಂಟು ವರ್ಷದ ಆಲ್ಪ್ರಜೋಲಾಮ್ ಒಮ್ಮೆಲೇ ನಿಂತರೆ ನಡುಕ, ಗಾಬರಿ, ಗೊಂದಲ, ಫಿಟ್ಸ್ ಕೂಡ ಬರಬಹುದು. ಇಳಿಸುವ ಕ್ರಮ ನಿಧಾನದ್ದು: ಎರಡರಿಂದ ನಾಲ್ಕು ವಾರಕ್ಕೊಮ್ಮೆ ಸುಮಾರು ಹತ್ತನೇ ಒಂದು ಪಾಲು. ಕೈಗೆ ಸಿಗುವ ಅಳತೆಯಲ್ಲಿ ಹೇಳುವುದಾದರೆ 0.25ರ ಮಾತ್ರೆಯ ಅರ್ಧದಷ್ಟು, ಅಂದರೆ 0.125 ಎಂಜಿ. 1 ಎಂಜಿಯಿಂದ ಸೊನ್ನೆಗೆ ಎಂಟು ಮೆಟ್ಟಿಲು, ನಾಲ್ಕರಿಂದ ಎಂಟು ತಿಂಗಳು. ಕೊನೆಯ ಎರಡು ಮೆಟ್ಟಿಲು ಎಲ್ಲಕ್ಕಿಂತ ಕಷ್ಟ, ಅಲ್ಲಿ ಇನ್ನೂ ನಿಧಾನ ಮಾಡಬೇಕಾಗುತ್ತದೆ. ಕೆಲವೊಮ್ಮೆ ವೈದ್ಯರು ಹೆಚ್ಚು ಹೊತ್ತು ನಿಲ್ಲುವ ಡಯಾಜೆಪಾಮ್‌ಗೆ ಬದಲಿಸಿ ಇಳಿಸುತ್ತಾರೆ. ಮೊದಲ ತಿಂಗಳು ನಿದ್ದೆ ಕೆಡುತ್ತದೆಂದು ಅಮ್ಮನಿಗೆ ಮುಂಚೆಯೇ ತಿಳಿಸಿ, ಇಲ್ಲವಾದರೆ ಮೂರನೇ ರಾತ್ರಿಗೇ ಬೀಗದ ಕೈ ಕೇಳುತ್ತಾರೆ. ಗಂಡ ಹೋದ ದುಃಖಕ್ಕೆ ಶುರುವಾದ ಮಾತ್ರೆ ಇದು. ಆ ದುಃಖವನ್ನು ಎಂಟು ವರ್ಷದಲ್ಲಿ ಯಾರಾದರೂ ಕೂತು ಕೇಳಿದ್ದಾರೆಯೇ ಎಂಬುದನ್ನು ವೈದ್ಯರಿಗೆ ಹೇಳಿ.

ಹೊರಡುವಾಗ ಖಾಲಿ ಸ್ಟ್ರಿಪ್‌ಗಳನ್ನೆಲ್ಲ, ಅಮ್ಮನ ಎಂಟು ವರ್ಷದ ಚೀಟಿಗಳನ್ನು, ಕಿಟ್‌ನ ಫಲಿತಾಂಶವನ್ನು ಒಂದೇ ಚೀಲಕ್ಕೆ ಹಾಕಿಕೊಳ್ಳಿ. ತಮ್ಮ ಬರಲು ಒಪ್ಪದಿದ್ದರೆ ‘ನಿನ್ನ ಚಟಕ್ಕೆ’ ಎನ್ನಬೇಡಿ. ನಿನ್ನ ನಿದ್ದೆಗೆ, ಅಮ್ಮನ ನಿದ್ದೆಗೆ ಒಬ್ಬರೇ ಡಾಕ್ಟರು ಎಂದು ಹೇಳಿ ಬಸ್ಸು ಹತ್ತಿಸಿ.